ಯೂದನ ಪಾದಗಳು

ನಮ್ಮ ಕಥೋಲಿಕ ಕುಟುಂಬಗಳಲ್ಲಿ ಊಟದ ಕೋಣೆಯ ಗೋಡೆಯ ಮೇಲೆ ಯೇಸುಸ್ವಾಮಿಯ ಕಡೆಯ ಭೋಜನದ ಪಟವಿಲ್ಲದ ಮನೆ ಅಪರೂಪ. ಮದುವೆಗೆ ಯಾರೋ ಉಡುಗೊರೆಯಾಗಿ ಕೊಟ್ಟದ್ದು, ವೇಳಾಂಗಣಿಗೆ ಹರಕೆ ಹೊತ್ತು ಹೋದವರು ಅಲ್ಲಿಂದ ತಂದದ್ದು, ಅಜ್ಜಿಯ ಕಾಲದಿಂದ ಒಲೆಯ ಹೊಗೆ ಹಿಡಿದು ಕಪ್ಪಾದದ್ದು, ಹೀಗೆ ಒಂದಲ್ಲ ಒಂದು ಪಟ ಇದ್ದೇ ಇರುತ್ತದೆ. ಮನೆ ಮಂತ್ರಿಸಲು ಹೋದಾಗ ಅಲ್ಲಿ ಮಕ್ಕಳಿದ್ದರೆ, "ಇವರಲ್ಲಿ ಯೂದ ಯಾರು, ತೋರಿಸಿ ನೋಡೋಣ" ಎಂದು ಕೇಳುವುದು ನನ್ನ ಅಭ್ಯಾಸ. ಮಕ್ಕಳು ಮುಖ ಸಿಡುಕಿಕೊಂಡು ಕೈಯಲ್ಲಿ ಚಾಕು ಹಿಡಿದಿರುವವನ ಮೇಲೆ ಬೆರಳಿಡುತ್ತಾರೆ. ಅವನು ಪೇತ್ರ!

ಮಕ್ಕಳ ತಪ್ಪಲ್ಲ. ಆ ಪಟದ ಮೂಲಚಿತ್ರವನ್ನು ಲಿಯೊನಾರ್ದೊ ದ ವಿಂಚಿ ಸುಮಾರು 1495ರಿಂದ 1498ರ ಅವಧಿಯಲ್ಲಿ ಇಟಲಿಯ ಮಿಲಾನ್ ನಗರದ ಒಂದು ಮಠದಲ್ಲಿ ಬರೆದ. ಅದೂ ಸನ್ಯಾಸಿಗಳ ಊಟದ ಕೋಣೆಯ ಗೋಡೆಯ ಮೇಲೆಯೇ. ಅವನಿಗಿಂತ ಮುಂಚಿನ ಫ್ಲಾರೆನ್ಸಿನ ಚಿತ್ರಕಾರರು ಯೂದನೊಬ್ಬನನ್ನೇ ಮೇಜಿನ ಈಚೆ ಬದಿಗೆ ಕೂರಿಸುತ್ತಿದ್ದರು. ನೋಡಿದವರಿಗೆ ತಟ್ಟನೆ ಗುರುತು ಸಿಗಬೇಕು, ದ್ರೋಹಿ ಬೇರೆ, ಶಿಷ್ಯರು ಬೇರೆ ಎಂದು ಗೊತ್ತಾಗಬೇಕು. ಲಿಯೊನಾರ್ದೊ ಅವನನ್ನು ಎತ್ತಿ ಆಚೆ ಬದಿಗೆ, ಪೇತ್ರ ಮತ್ತು ಯೊವಾನ್ನರ ಗುಂಪಿನಲ್ಲಿಯೇ ಕೂರಿಸಿದ. ಹಣದ ಚೀಲ ಹಿಡಿದ ಕೈಯನ್ನು ಹುಡುಕಿ ನೋಡಿದರೆ ಮಾತ್ರ ಯೂದ ಸಿಗುತ್ತಾನೆ. ಆ ಚಿತ್ರಕ್ಕೆ ಇನ್ನೊಂದು ಕಥೆಯೂ ಇದೆ. 1652ರಲ್ಲಿ ಆ ಗೋಡೆಯಲ್ಲಿ ಬಾಗಿಲು ತೆಗೆದರು. ಯೇಸುವಿನ ಪಾದಗಳಿದ್ದ ಭಾಗವೇ ಒಡೆದು ಹೋಯಿತು. ಕಡೆಯ ಭೋಜನದ ಪಟ ನಮ್ಮ ಮನೆಮನೆಗಳಲ್ಲಿದೆ, ಆದರೆ ಪ್ರಭುವಿನ ಪಾದಗಳು ಅದರಲ್ಲಿಲ್ಲ. ಪಾಸ್ಕಹಬ್ಬಕ್ಕೆ ಮುಂಚಿನ ಈ ದಿನಗಳಲ್ಲಿ ಪಾದಗಳ ಬಗ್ಗೆಯೇ ನನಗೆ ಮತ್ತೆ ಮತ್ತೆ ಯೋಚನೆ ಬರುತ್ತದೆ.

ಪವಿತ್ರ ವಾರದ ಮೊದಲ ಮೂರು ದಿನಗಳ ಪೂಜೆಗೆ ಬರುವವರು ಕಡಿಮೆ. ಗರಿಗಳ ಭಾನುವಾರ ಗುಡಿ ತುಂಬುತ್ತದೆ, ಆಮೇಲೆ ಗುರುವಾರವೇ ಮತ್ತೆ ತುಂಬುವುದು. ಹಾಗಾಗಿ ಆ ನಡುವಿನ ದಿನಗಳ ಶುಭಸಂದೇಶದ ವಾಚನಗಳನ್ನು ಕೇಳಿದವರೂ ಕಡಿಮೆ. ಮೂರು ದಿನವೂ ಅಲ್ಲಿ ಯೂದನಿದ್ದಾನೆ. ಸೋಮವಾರ ಬೆಥಾನಿಯದಲ್ಲಿ ಮರಿಯಳು ಯೇಸುವಿನ ಪಾದಗಳಿಗೆ ಬೆಲೆಬಾಳುವ ಸುಗಂಧತೈಲ ಹಚ್ಚಿ ತನ್ನ ತಲೆಗೂದಲಿನಿಂದ ಒರೆಸುತ್ತಾಳೆ. ಅದನ್ನು ಮುನ್ನೂರು ದೆನಾರಿಗೆ ಮಾರಬಹುದಿತ್ತಲ್ಲ ಎಂದು ಯೂದ ಲೆಕ್ಕ ಹಾಕುತ್ತಾನೆ. ಆ ಕಾಲದ ಕೂಲಿಯವನಿಗೆ ಅದು ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ. ಮಂಗಳವಾರ, ನಿಮ್ಮಲ್ಲೊಬ್ಬನು ನನ್ನನ್ನು ಹಿಡಿದುಕೊಡುವನೆಂದು ಪ್ರಭು ಊಟದ ನಡುವೆ ಹೇಳುತ್ತಾರೆ. ಬುಧವಾರ, ಮೂವತ್ತು ಬೆಳ್ಳಿನಾಣ್ಯಗಳ ವ್ಯಾಪಾರ ಕುದುರುತ್ತದೆ. ಎತ್ತು ಹಾಯ್ದು ಸತ್ತ ಗುಲಾಮನಿಗೆ ಹಳೆಯ ಒಡಂಬಡಿಕೆಯ ನ್ಯಾಯಶಾಸ್ತ್ರ ಕಟ್ಟಿದ ಬೆಲೆಯೂ ಅಷ್ಟೇ. ಹೀಗೆ ಮೂರು ದಿನ ಧರ್ಮಸಭೆ ಈ ಮನುಷ್ಯನನ್ನು ನಮ್ಮ ಎದುರು ನಿಲ್ಲಿಸಿ, ಆಮೇಲೆ ಗುರುವಾರ ಸಂಜೆ ನೀರು, ಬೋಗುಣಿ, ಟವೆಲುಗಳನ್ನು ತರಿಸುತ್ತದೆ.

ಯೊವಾನ್ನರ ಶುಭಸಂದೇಶದ 13ನೆಯ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಪ್ರಭು ಊಟದಿಂದ ಎದ್ದು ನಡುವಿಗೆ ಅಂಗವಸ್ತ್ರ ಸುತ್ತಿಕೊಂಡು ಶಿಷ್ಯರ ಪಾದಗಳನ್ನು ತೊಳೆಯುವಾಗ ಯೂದ ಅಲ್ಲೇ ಇದ್ದ. ಅವನು ಎದ್ದುಹೋಗುವುದು ಅದೆಲ್ಲ ಮುಗಿದು, ರೊಟ್ಟಿಯ ತುತ್ತನ್ನು ತೆಗೆದುಕೊಂಡ ಮೇಲೆ. ತಮ್ಮನ್ನು ಹಿಡಿದುಕೊಡುವವನು ಯಾರೆಂದು ಪ್ರಭುವಿಗೆ ತಿಳಿದಿತ್ತೆಂದೂ ಯೊವಾನ್ನರು ಬರೆಯುತ್ತಾರೆ. ತಿಳಿಯದೆ ತೊಳೆದರೆ ಅದು ಒಂದು ರೀತಿ, ತಿಳಿದು ತೊಳೆದದ್ದು ಬೇರೆಯೇ ರೀತಿ. ಮೊದಲು ಯಾರ ಪಾದ ತೊಳೆದರು ಎಂಬ ಬಗ್ಗೆ ಹಳೆಯ ಧರ್ಮಪಿತೃಗಳಲ್ಲಿ ಭಿನ್ನಾಭಿಪ್ರಾಯವಿತ್ತು. ಪೇತ್ರನಿಂದ ಪ್ರಾರಂಭಿಸಿದರೆಂದು ಸಂತ ಅಗಸ್ಟೀನರು ಹೇಳಿದರೆ, ಸಂತ ಜಾನ್ ಕ್ರಿಸೋಸ್ತಮರು ಮೊದಲು ಯೂದನ ಪಾದಗಳನ್ನು ತೊಳೆದು ಆಮೇಲೆ ಪೇತ್ರನ ಬಳಿಗೆ ಬಂದಿರಬೇಕೆಂದು ಊಹಿಸಿದರು. ಯಾರದು ಸರಿಯೋ, ನೀರಂತೂ ಒಂದೇ.

ನಮ್ಮ ಹಳ್ಳಿಯವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಮನೆಗೆ ಯಾರಾದರೂ ಬಂದರೆ ಮೊದಲು ಚೊಂಬಿನಲ್ಲಿ ಕೈಕಾಲಿಗೆ ನೀರು. ಜಗಳವಾದರೂ ಮೊದಲು ನಿಲ್ಲುವುದು ನೀರೇ: "ಅವರ ಮನೆ ನೀರು ಮುಟ್ಟಲ್ಲ, ಹೊಸ್ತಿಲು ತುಳಿಯಲ್ಲ."

ಇಲ್ಲಿ ಒಂದು ಕಷ್ಟದ ಪ್ರಶ್ನೆಯಿದೆ. ತಪ್ಪು ಮಾಡಿದವನು ಅದನ್ನು ಒಪ್ಪಿಕೊಳ್ಳುವ ಮುಂಚೆಯೇ, ಒಪ್ಪಿಕೊಳ್ಳುವ ಸೂಚನೆಯೂ ಇಲ್ಲದಿರುವಾಗ, ಅವನಿಗೆ ಪ್ರೀತಿ ತೋರಿಸುವುದು ಸರಿಯೇ? ಅದರಿಂದ ಅನ್ಯಾಯಕ್ಕೊಳಗಾದವನಿಗೆ ಇನ್ನೊಂದು ಅನ್ಯಾಯ ಮಾಡಿದಂತಾಗುವುದಿಲ್ಲವೇ? ಗುರುಮಠದಲ್ಲಿ ನೀತಿಶಾಸ್ತ್ರ ಓದುವಾಗ ನಾವು ಇದನ್ನು ಚೆನ್ನಾಗಿಯೇ ಚರ್ಚಿಸಿದ್ದೆವು. ಉತ್ತರ ಬರೆದು ಅಂಕ ತೆಗೆದುಕೊಂಡಿದ್ದೂ ಆಯಿತು. ಅದೇ ಪ್ರಶ್ನೆ ಎರಡು ಕಾಲುಗಳ ಮೇಲೆ ನಡೆದು ನನ್ನ ಕೋಣೆಯ ಬಾಗಿಲಿಗೆ ಬಂದಾಗ ನಾನು ಏನು ಮಾಡಿದೆನೆಂಬುದನ್ನು ಇಲ್ಲಿ ಹೇಳಬೇಕು.

ನನಗೆ ಗುರುದೀಕ್ಷೆಯಾಗಿ ಬಹಳ ದಿನಗಳಾಗಿರಲಿಲ್ಲ. ಅದು ನಾನು ಮೊದಲು ಜವಾಬ್ದಾರಿ ಹೊತ್ತ ಧರ್ಮಕೇಂದ್ರ. ಗುರುವಾರದ ವಿಧಿಗೆ ಹನ್ನೆರಡು ಮಂದಿ ಗಂಡಸರ ಪಟ್ಟಿ ತಯಾರಾಗಿತ್ತು. (ಗಂಡಸರು ಮಾತ್ರ ಎಂಬ ನಿಯಮ ಬದಲಾದದ್ದು 2016ರಲ್ಲಿ, ಜಗದ್ಗುರು ಫ್ರಾನ್ಸಿಸರ ಅಪ್ಪಣೆಯಿಂದ. ಪೂಜಾಗ್ರಂಥ ಈಗ ಇಷ್ಟೇ ಜನ ಎಂದೂ ಹೇಳುವುದಿಲ್ಲ. ಆದರೆ ಹನ್ನೊಂದು ಕುರ್ಚಿ ಹಾಕಿದರೆ ನಮ್ಮ ಜನ ಸುಮ್ಮನಿರುವುದಿಲ್ಲ.) ಪಟ್ಟಿಯಲ್ಲಿ ಒಂದೇ ತಾಯಿಯ ಮಕ್ಕಳಿಬ್ಬರ ಹೆಸರಿತ್ತು. ಅಣ್ಣ, ತಮ್ಮನಿಂದ ಸೊಸೈಟಿ ಸಾಲಕ್ಕೆಂದು ಸಹಿ ಹಾಕಿಸಿಕೊಂಡು, ಬಾವಿ ಸಮೇತ ಪಿತ್ರಾರ್ಜಿತ ಜಮೀನನ್ನು ಬೇರೆಯವರಿಗೆ ಮಾರಿದ್ದರೆಂದು ಊರೆಲ್ಲ ಹೇಳುತ್ತಿತ್ತು. ತಾಲ್ಲೂಕಿನ ಕೋರ್ಟಿನಲ್ಲಿ ದಾವೆ ನಡೆಯುತ್ತಿತ್ತು. ಬುಧವಾರ ಸಂಜೆ ತಮ್ಮ ಬಂದರು. "ಸ್ವಾಮಿ, ಅವನ ಪಕ್ಕ ನಾನು ಕೂರಲ್ಲ. ಅವನ ಕಾಲು ಮುಟ್ಟಿದ ಕೈಯಲ್ಲಿ ನನ್ನ ಕಾಲು ಮುಟ್ಟಬೇಡಿ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನ್ಯಾಯ ಅವರ ಕಡೆಯೇ ಇದೆಯೆಂದು ನನಗೂ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಗುರುವಾರದ ಪೂಜೆ ಗಲಾಟೆಯಿಲ್ಲದೆ ಮುಗಿಯಬೇಕಿತ್ತು. ಉಪದೇಶಿಯವರನ್ನು ಕರೆದು, "ಹಿರಿಯವರಿಗೆ ಈ ವರ್ಷ ಬೇಡವೆಂದು ಸೂಕ್ಷ್ಮವಾಗಿ ಹೇಳಿಬಿಡಿ" ಎಂದೆ.

ಗುರುವಾರ ಎಲ್ಲ ಸುಸೂತ್ರವಾಗಿ ನಡೆಯಿತು. ಬೇರೊಬ್ಬರು ಬಂದು ಕೂತರು. ಪಾದ ಒರೆಸಿ ತಲೆಯೆತ್ತಿದಾಗ, ಹಿರಿಯವರು ಗುಡಿಯ ಹಿಂಬಾಗಿಲ ಹತ್ತಿರ ಬಿಳಿ ಪಂಚೆಯುಟ್ಟು ನಿಂತಿದ್ದು ಕಂಡಿತು. ಶುಭ ಶುಕ್ರವಾರ ಶಿಲುಬೆ ಮುದ್ದಿಡಲು ಅವರು ಬರಲಿಲ್ಲ. ಶನಿವಾರ ಮಧ್ಯಾಹ್ನ ಪೂಜಾವಸ್ತ್ರಗಳ ಕೋಣೆಯ ಬಾಗಿಲಿಗೆ ಬಂದು, "ಸ್ವಾಮಿ, ಒಂದು ಮಾತಿತ್ತು" ಎಂದರು. ನಾನು ಪಾಸ್ಕ ಜಾಗರಣೆಯ ಬೆಂಕಿಗೆ ಸೌದೆ, ಪಾಸ್ಕದ ಮೇಣದ ಬತ್ತಿ, ಹಾಡುವವರ ಮೈಕು ಎಂದು ಓಡಾಡುತ್ತಿದ್ದೆ. "ಹಬ್ಬ ಮುಗಿದ ಮೇಲೆ ಬನ್ನಿ, ಕೂತು ಮಾತಾಡೋಣ" ಎಂದೆ. ಅವರು ಬರಲಿಲ್ಲ. ಹಬ್ಬದ ಪೂಜೆಗೂ ಬರಲಿಲ್ಲ, ಆ ಮೇಲೆ ಗುಡಿಗೇ ಬರಲಿಲ್ಲ. ನಾನು ಅವರ ಮನೆಗೆ ಹೋಗಬೇಕೆಂದುಕೊಂಡೇ ಎರಡು ವರ್ಷ ಕಳೆದು, ವರ್ಗವಾಗಿ ಬೇರೆ ಊರಿಗೆ ಹೊರಟೆ.

ಇದರಲ್ಲಿ ನನ್ನನ್ನು ಹೆಚ್ಚು ನಾಚಿಸುವುದು ಯಾವುದು ಗೊತ್ತೇ? ಇದಕ್ಕೆ ಉತ್ತರವನ್ನು ನಾನು ಓದಿದ್ದೆ. ಸಂತ ಥಾಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದ ಮೂರನೆಯ ಭಾಗದಲ್ಲಿ, 81ನೆಯ ಪ್ರಶ್ನೆಯಡಿ, ಪ್ರಭು ಕ್ರಿಸ್ತರು ಕಡೆಯ ಭೋಜನದಲ್ಲಿ ಯೂದನಿಗೂ ತಮ್ಮ ಶರೀರವನ್ನು ಕೊಟ್ಟರೇ ಎಂದು ಕೇಳುತ್ತಾರೆ. ಕೊಡಲಿಲ್ಲವೆಂದು ಸಂತ ಹಿಲರಿಯವರ ಅಭಿಪ್ರಾಯ. ಯೂದನ ಕೇಡನ್ನಷ್ಟೇ ನೋಡಿದರೆ ಕೊಡದಿರುವುದೇ ತಕ್ಕದ್ದಾಗಿತ್ತೆಂದು ಥಾಮಸರೂ ಒಪ್ಪುತ್ತಾರೆ. ಆದರೂ ಕೊಟ್ಟರೆಂದು ಅವರ ತೀರ್ಮಾನ. ಕಾರಣಗಳನ್ನು ಗಮನಿಸಿ. ಯೂದನ ಪಾಪ ಆಗ ಗುಟ್ಟಾಗಿತ್ತು, ಆರೋಪ ಹೊರಿಸಿದವರಿರಲಿಲ್ಲ, ಸಾಕ್ಷಿಯಿರಲಿಲ್ಲ. ಅಂಥವನನ್ನು ಪ್ರಭು ಎಲ್ಲರೆದುರು ದೂರವಿಟ್ಟಿದ್ದರೆ, ಮುಂದೆ ಧರ್ಮಸಭೆಯ ಅಧಿಕಾರಿಗಳೂ ಅದನ್ನೇ ಮಾದರಿಯಾಗಿಟ್ಟುಕೊಂಡು ಹಾಗೆಯೇ ಮಾಡಲು ಹೊರಡುತ್ತಿದ್ದರು. ಅದೂ ಅಲ್ಲದೆ, ಹಾಗೆ ಹೊರಗಿಟ್ಟ ರೋಷವೇ ಯೂದನಿಗೆ ಪಾಪ ಮಾಡಲು ನೆಪವಾಗುತ್ತಿತ್ತು. ಹದಿಮೂರನೆಯ ಶತಮಾನದ ಒಬ್ಬ ಸನ್ಯಾಸಿ ನನ್ನಂಥ ಗುರುವಿಗೆಂದೇ ಬರೆದಿಟ್ಟ ಹಾಗಿದೆ! ನಾನು ಮಾತ್ರ ಅದನ್ನು ಪರೀಕ್ಷೆಗೆ ಓದಿದ್ದೆ. ಹಿರಿಯವರ ಮಾತನ್ನು ನಾನು ಒಂದು ದಿನವೂ ಕೇಳಿರಲಿಲ್ಲ. ಜಮೀನು ಮಾರಿದ ಹಣದಲ್ಲಿ ಸ್ವಲ್ಪ ಭಾಗ ತಂದೆಯ ಔಷಧೋಪಚಾರಕ್ಕೆ ಹೋಗಿತ್ತೆಂದು ವರ್ಷಗಳ ಮೇಲೆ ಬೇರೆಯವರಿಂದ ತಿಳಿಯಿತು. ಅದರಿಂದ ಮೋಸ ಮೋಸವಲ್ಲವೆಂದಾಗುವುದಿಲ್ಲ. ಕೇಳಿಸಿಕೊಳ್ಳಬೇಕಾದ ಮಾತೊಂದಿತ್ತು, ಅಷ್ಟೆ.

ಪ್ರಭು ಯೂದನ ಮಾನವನ್ನು ಎಷ್ಟು ಜೋಪಾನ ಮಾಡಿದರೆಂದರೆ, ಅವನು ಎದ್ದು ಹೊರಟಾಗಲೂ ಉಳಿದವರಿಗೆ ಏನೂ ಅರ್ಥವಾಗಲಿಲ್ಲ. ಹಣದ ಚೀಲ ಅವನ ಹತ್ತಿರವಿದ್ದುದರಿಂದ ಹಬ್ಬಕ್ಕೆ ಏನೋ ಕೊಳ್ಳಲೆಂದೋ, ಬಡವರಿಗೆ ಏನಾದರೂ ಕೊಡಲೆಂದೋ ಹೊರಟನೆಂದು ಕೆಲವರು ತಿಳಿದರು. ಒಬ್ಬನು ದ್ರೋಹ ಮಾಡುವನೆಂದು ಮುಚ್ಚುಮರೆಯಿಲ್ಲದೆ ಹೇಳಿದರು. ಯಾರೆಂದು ಊರಿಗೆ ಸಾರಲಿಲ್ಲ. ನಮ್ಮಲ್ಲಿ ನಡೆಯುವುದು ಇದರ ತಿರುಗುಮುರುಗು. ತಪ್ಪು ಮಾಡಿದವನ ಮುಖಕ್ಕೆ ಯಾರೂ ಏನೂ ಹೇಳುವುದಿಲ್ಲ. ಅವನ ಹೆಸರು ಮಾತ್ರ ಭಾನುವಾರದ ಪೂಜೆಯ ನಂತರ ಗುಡಿಯ ಅಂಗಳದಲ್ಲಿ ಎಲ್ಲರ ಬಾಯಲ್ಲೂ ಇರುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಈ ಪಾದ ತೊಳೆಯುವ ಕಥೆಯನ್ನು ಹಿಡಿದು, ಕುಡಿದು ಹೊಡೆಯುವ ಗಂಡನ ಮನೆಗೆ ಹೆಂಡತಿಯನ್ನು ಹಿಂದಕ್ಕೆ ಕಳಿಸುವವರಿದ್ದಾರೆ. "ಸಹಿಸಿಕೋ ತಾಯಿ, ಸ್ವಾಮಿಯೂ ಸಹಿಸಿಕೊಂಡರು" ಎಂಬ ಬುದ್ಧಿವಾದ ನಮ್ಮ ಬಾಯಿಂದ, ಗುರುಗಳ ಬಾಯಿಂದಲೂ, ಬಂದದ್ದುಂಟು. ಇದು ಶುಭಸಂದೇಶವಲ್ಲ. ಅದೇ ಯೊವಾನ್ನರು ಎರಡನೆಯ ಅಧ್ಯಾಯದಲ್ಲಿ, ಪ್ರಭುವಿಗೆ ಮನುಷ್ಯರ ಒಳಗೇನಿದೆಯೆಂದು ಗೊತ್ತಿದ್ದುದರಿಂದ ಅವರು ತಮ್ಮನ್ನು ಜನರ ಕೈಗೆ ನಂಬಿ ಒಪ್ಪಿಸಿಕೊಳ್ಳಲಿಲ್ಲವೆಂದು ಬರೆದಿದ್ದಾರೆ. ಪ್ರೀತಿಸುವುದು ಬೇರೆ, ನಂಬಿ ಕೈಗೊಪ್ಪಿಸುವುದು ಬೇರೆ. ಒಬ್ಬನ ಒಳಿತನ್ನು ಬಯಸುವುದೇ ಪ್ರೀತಿಯೆಂದು ಥಾಮಸರು ಅರಿಸ್ಟಾಟಲನನ್ನು ಅನುಸರಿಸಿ ಹೇಳುತ್ತಾರೆ. ಹೊಡೆಯುವ ಕೈಗೆ ಸಿಗದಂತೆ ದೂರವಿರುವುದು ಹೊಡೆಯುವವನಿಗೂ ಒಳಿತೇ. ಅವನು ಇನ್ನೊಂದು ಪಾಪ ಮಾಡುವುದು ತಪ್ಪುತ್ತದೆ. ಮೋಸ ಮಾಡಿದವನ ಮೇಲೆ ದಾವೆ ಹೂಡುವುದೂ ದ್ವೇಷವಾಗಬೇಕಾಗಿಲ್ಲ. ಪ್ರಭು ಯೂದನ ಪಾದ ತೊಳೆದರು, ಆದರೆ ಮಾಡುವುದು ತಪ್ಪೇನಲ್ಲ ಬಿಡು ಎಂದು ಅವನಿಗೆ ಹೇಳಲಿಲ್ಲ. ಅಂಥವನು ಹುಟ್ಟದಿದ್ದರೇ ಚೆನ್ನಾಗಿತ್ತೆನ್ನುವಷ್ಟು ಕಠಿಣವಾದ ಮಾತನ್ನು ಅದೇ ಮೇಜಿನಲ್ಲಿ ಆಡಿದರು.

ಇನ್ನೂ ಒಂದು ವಿಷಯ ನಮ್ಮನ್ನು ಕಾಡಬೇಕು. ಪಾದ ತೊಳೆದದ್ದರಿಂದ ಯೂದ ಬದಲಾಗಲಿಲ್ಲ. ತೊಳೆದ ಕಾಲಿನಲ್ಲೇ ಎದ್ದು ಹೋದ. ಆಗ ರಾತ್ರಿಯಾಗಿತ್ತೆಂದು ಹೇಳಲು ಯೊವಾನ್ನರು ಮರೆಯುವುದಿಲ್ಲ. ಹಾಗಾದರೆ ಆ ನೀರು ವ್ಯರ್ಥವಾಯಿತೇ? ಕನಕಪುರ ತಾಲ್ಲೂಕಿನ ಹಾರೋಬೆಲೆಯಂಥ ಊರುಗಳಲ್ಲಿ ಶುಭ ಶುಕ್ರವಾರಕ್ಕೆ ಯೇಸುವಿನ ಯಾತನೆಯ ನಾಟಕ ಆಡುತ್ತಾರಲ್ಲ, ಅಂಥ ನಾಟಕಗಳಲ್ಲಿ ಯೂದ ನಾಣ್ಯಗಳನ್ನು ಎಸೆದು ಓಡುವಾಗ ಜನ ಕೇಕೆ ಹಾಕುತ್ತಾರೆ. ನನಗೆ ಆ ಘಟ್ಟದಲ್ಲಿ ಹೆದರಿಕೆಯಾಗುವುದು ಯೂದನನ್ನು ಕಂಡಲ್ಲ. ಮತ್ತಾಯರ 27ನೆಯ ಅಧ್ಯಾಯದಲ್ಲಿ ಅವನು ಪಶ್ಚಾತ್ತಾಪಪಟ್ಟು ಹಣ ಹಿಂದಕ್ಕೆ ತಂದು, ನಿರ್ದೋಷಿಯನ್ನು ಹಿಡಿದುಕೊಟ್ಟು ಪಾಪ ಮಾಡಿದೆನೆಂದು ಹೇಳಿಕೊಳ್ಳುತ್ತಾನೆ. ಪಾಪನಿವೇದನೆಗೆ ಬೇಕಾದದ್ದು ಅಲ್ಲಿ ಬಹುಪಾಲು ಇದೆ: ದುಃಖ, ತಪ್ಪೊಪ್ಪಿಗೆ, ಪಡೆದದ್ದನ್ನು ಹಿಂತಿರುಗಿಸುವುದು. ಅವನು ಹೋದದ್ದು ಯಾಜಕರ ಬಳಿಗೆ. ಅದು ನಮಗೇಕೆ, ನೀನೇ ನೋಡಿಕೋ ಎಂಬ ಅರ್ಥದ ಉತ್ತರ ಕೊಟ್ಟು ಕಳಿಸಿದರು ಅವರು. ಆಮೇಲೆ ಅವನು ಹಗ್ಗ ಹುಡುಕಿಕೊಂಡು ಹೋದ. "ಹಬ್ಬ ಮುಗಿದ ಮೇಲೆ ಬನ್ನಿ" ಎಂದ ನನಗೂ ಆ ಯಾಜಕರಿಗೂ ಎಷ್ಟು ದೂರ? ಯೂದನ ಗತಿ ಏನಾಯಿತೆಂದು ನಾವು ತೀರ್ಪು ಹೇಳುವಂತಿಲ್ಲ. ಒಬ್ಬರನ್ನು ಸಂತರೆಂದು ಸಾರಲು ಧರ್ಮಸಭೆಯಲ್ಲಿ ವಿಧಿಯಿದೆ. ಒಬ್ಬನು ನರಕದಲ್ಲಿದ್ದಾನೆಂದು ಸಾರುವ ವಿಧಿ ಇಲ್ಲ. ಪೇತ್ರನೂ ಅದೇ ರಾತ್ರಿ ಮೂರು ಸಲ ಸುಳ್ಳು ಹೇಳಿದ್ದ. ಅವನು ಹೊರಗೆ ಹೋಗಿ ಅತ್ತು, ಹಿಂದಿರುಗಿ ಬಂದ. ಹಿಂದಿರುಗಲು ಅವನಿಗೆ ಹತ್ತು ಮಂದಿ ಗೆಳೆಯರಾದರೂ ಇದ್ದರು.

ಹಿರಿಯವರಿಗೆ ಪಾರ್ಶ್ವವಾಯು ಬಡಿದಿದೆಯೆಂಬ ಸುದ್ದಿ ನನಗೆ ತಲುಪಿದ್ದು ಎಷ್ಟೋ ವರ್ಷಗಳ ಮೇಲೆ. ಈ ಸಲ ಹಬ್ಬ ಮುಗಿಯುವವರೆಗೆ ಕಾಯಲಿಲ್ಲ. ಬಸ್ಸು ಹತ್ತಿ ಹೋದೆ. ನಡುಮನೆಯ ಮಂಚದ ಮೇಲೆ ಮಲಗಿದ್ದರು, ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಮಂಚದ ತುದಿಯಲ್ಲಿ ಬಿಸಿನೀರಿನ ಬಕೆಟ್ಟು ಇಟ್ಟುಕೊಂಡು ತಮ್ಮ ಕೂತಿದ್ದರು, ಅಣ್ಣನ ಕಾಲು ತೊಡೆಯ ಮೇಲಿತ್ತು. ಮಕ್ಕಳೆಲ್ಲ ಬೆಂಗಳೂರಿನಲ್ಲಿ, ಅತ್ತಿಗೆಗೆ ಎತ್ತಲು ಕೂರಿಸಲು ಆಗುವುದಿಲ್ಲ, ಹಾಗಾಗಿ ದಿನಾ ಬೆಳಿಗ್ಗೆ ತಾನೇ ಬರುತ್ತೇನೆಂದರು. ನನಗೆ ಸಂತೋಷ ತಡೆಯಲಾಗಲಿಲ್ಲ. "ಹಾಗಾದರೆ ಕೇಸು ವಾಪಸು ತಗೊಂಡಿರಾ?" ಎಂದು ಕೇಳಿಬಿಟ್ಟೆ.

"ಇಲ್ಲ ಸ್ವಾಮಿ. ಬರೋ ತಿಂಗಳು ವಾಯಿದೆ ಇದೆ. ಜಮೀನು ನನ್ನ ಮಕ್ಕಳದು, ಅದನ್ನ ಹೆಂಗೆ ಬಿಡಲಿ? ಕೇಸು ಕೇಸೇ. ಕಾಲು ತೊಳೆಯೋರು ಬೇಕಲ್ಲ, ಅದಕ್ಕೆ ಬರ್ತೀನಿ" ಎಂದರು, ಕಾಲ್ಬೆರಳುಗಳ ಸಂದಿಯನ್ನು ತಿಕ್ಕುತ್ತ.

ಗುರುಮಠದಲ್ಲಿ ನಾವು ಒಂದು ವರ್ಷ ಚರ್ಚಿಸಿದ್ದನ್ನು ಅವರು ಅಷ್ಟರಲ್ಲಿ ಮುಗಿಸಿದ್ದರು. ಮಂಚದ ಪಕ್ಕಕ್ಕೆ ಹೋಗಿ ಹಿರಿಯವರ ಕೈ ಹಿಡಿದು, ಆ ಗುರುವಾರದ ಬಗ್ಗೆ, ಆ ಶನಿವಾರದ ಬಗ್ಗೆ ಕ್ಷಮಿಸಬೇಕೆಂದು ಕೇಳಿಕೊಂಡೆ. ಅವರು ನನ್ನನ್ನು ನೋಡಿದರು. ಏನೋ ಹೇಳಿದರು, ನನಗೆ ತಿಳಿಯಲಿಲ್ಲ. "ಕಾಫಿ ಕೊಡೋಕೆ ಹೇಳ್ತಾ ಇದ್ದಾನೆ" ಎಂದರು ತಮ್ಮ. ನಿಜವಾಗಿ ಅದನ್ನೇ ಹೇಳಿದರೋ ಏನೋ.

ಈ ವರ್ಷ ನಮ್ಮ ಧರ್ಮಕೇಂದ್ರದಲ್ಲಿ ಪಾದ ತೊಳೆಯಿಸಿಕೊಳ್ಳುವವರ ಹೆಸರುಗಳನ್ನು ಚೀಟಿ ಎತ್ತಿ ಆರಿಸಿದ್ದೇವೆ; ಹೆಂಗಸರಿದ್ದಾರೆ, ಇಬ್ಬರು ಕಾಲೇಜಿನ ಹುಡುಗರಿದ್ದಾರೆ. ಪಟ್ಟಿಯನ್ನು ಗುಡಿಯ ಬಾಗಿಲಿಗೆ ಅಂಟಿಸಿದ ಮಾರನೆಯ ದಿನವೇ ಒಬ್ಬರು ಬಂದು, ಅದರಲ್ಲಿರುವ ಇನ್ನೊಬ್ಬರ ಹೆಸರನ್ನು ತೆಗೆಯಬೇಕೆಂದು, ಇಲ್ಲದಿದ್ದರೆ ತಾವು ಬರುವುದಿಲ್ಲವೆಂದು ಹೇಳಿದರು. ಕೂರಿಸಿ, ಅವರ ಮಾತೆಲ್ಲ ಕೇಳಿದೆ. ಅವರಿಗೆ ಅನ್ಯಾಯವಾಗಿರುವುದು ನಿಜವೆಂದೇ ನನಗೂ ತೋರುತ್ತದೆ, ಅದನ್ನು ಅವರಿಗೆ ಹೇಳಿದೆ. ಆ ಇನ್ನೊಬ್ಬರನ್ನು ಕಂಡು ಮಾತನಾಡುವೆನೆಂದೂ ಹೇಳಿದೆ. ಹೆಸರು ಮಾತ್ರ ತೆಗೆಯಲಿಲ್ಲ. ಅವರು ಉತ್ತರ ಕೊಡದೆ ಎದ್ದು ಹೋದರು. ಇಬ್ಬರಿಗೂ ಕುರ್ಚಿ ಹಾಕಿಸುತ್ತೇನೆ. ಪೂಜೆ ಗುರುವಾರ ಸಂಜೆ ಆರೂವರೆಗೆ.